ಲೆಕ್ಕದ ಮೊದಲ ಎರಡು ವಾರ

ನನ್ನ ತಂಗಿಯ ಮಗಳು ಪ್ರತೀಕ್ಷಾ ನರ್ಸಿಂಗ್ ಮುಗಿಸಿ, ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ವಲ್ಪ ಕಾಲ ದುಡಿದು, ಈಗ ದೋಹಾದ ಕ್ಲಿನಿಕ್ಕೊಂದಕ್ಕೆ ಹೊರಟಿದ್ದಾಳೆ. ಹೆಂಗಸರ ವಿಭಾಗವಂತೆ. ಅಂದರೆ ನಾನು ಮಂಡಿ ಸವೆಸಿಕೊಂಡ ವಿಭಾಗವೇ. ಮೊನ್ನೆ ಸುರತ್ಕಲ್ಲಿನ ನನ್ನ ಫ್ಲ್ಯಾಟಿಗೆ ಬಂದವಳು ನೀರುದೋಸೆ ತಿನ್ನುತ್ತಾ ಕೇಳಿದಳು: "ದೊಡ್ಡಮ್ಮ, ಬಸುರಿ ಅಂತ ಗೊತ್ತಾದ ಮೊದಲ ವಾರಗಳಲ್ಲಿ ಮುಖ್ಯವಾಗಿ ಎಂತ ನೋಡ್ಲಿಕ್ಕುಂಟು?"

"ಗಂಡನ ಮುಖ," ಎಂದೆ.

ಅವಳು ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ. ಅವಳು ದೋಸೆ ಮುಗಿಸಿ ಹೋದ ಮೇಲೂ ಆ ಮಾತು ತಲೆಯಲ್ಲೇ ಉಳಿಯಿತು. ಅವಳಿಗೂ, ಅವಳ ಹಾಗೆ ಬ್ಯಾಗು ಕಟ್ಟಿ ನಿಂತಿರುವ ಉಳಿದ ಹುಡುಗಿಯರಿಗೂ ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು.

ಪುಸ್ತಕದಲ್ಲಿ ಇರುವುದೆಲ್ಲ ನಿಮಗೆ ಗೊತ್ತು. ತಿಂಗಳು ತಪ್ಪುತ್ತದೆ. ಎದೆ ಭಾರವಾಗುತ್ತದೆ. ಪದೇ ಪದೇ ಬಾತ್‌ರೂಮಿಗೆ ಓಡಬೇಕಾಗುತ್ತದೆ. ಎಲ್ಲಿ ಕುಳಿತರೂ ನಿದ್ದೆ ಎಳೆಯುತ್ತದೆ, ಆಫೀಸಿನಲ್ಲಿ ಅದಕ್ಕೆ ಸೋಮಾರಿತನ ಎಂದು ಹೆಸರು. ವಾಕರಿಕೆ ಬೆಳಗ್ಗೆ ಮಾತ್ರ ಬರುತ್ತದೆ ಎಂದು ಪುಸ್ತಕದಲ್ಲಿ ಬರೆದವರು ಯಾರೋ ಗಂಡಸರೇ ಇರಬೇಕು. ಪಕ್ಕದ ಮನೆಯವರು ಒಣಮೀನು ಹುರಿಯುವ ಹೊತ್ತಿಗೆ ಅದು ಸರಿಯಾಗಿ ಬರುತ್ತದೆ. ಫೋಲಿಕ್ ಆಸಿಡ್ ಮಾತ್ರೆ ಬರೆದುಕೊಡುತ್ತಾರೆ, ಅದನ್ನು ಮರೆಯದೆ ನುಂಗಲು ಹೇಳಿ. ಸ್ವಲ್ಪ ರಕ್ತದ ಕಲೆ ಕಂಡರೆ ಹೆದರಿಸಬೇಡಿ, ಆದರೆ ಫೋನಿನಲ್ಲೇ ಸಮಾಧಾನ ಹೇಳಿ ಮುಗಿಸಲೂಬೇಡಿ. ಹೊಟ್ಟೆಯ ಒಂದು ಬದಿಯಲ್ಲಿ ಜೋರು ನೋವು ಎಂದರೆ ಕೂಡಲೇ ಆಸ್ಪತ್ರೆಗೆ ಕಳಿಸಿ, ಗ್ಯಾಸ್ ಎಂದು ಅವರು ಎಷ್ಟು ವಾದಿಸಿದರೂ ಕೇಳಬೇಡಿ. ನಮ್ಮ ಹೆಂಗಸರಿಗೆ ಸಾಯುವಾಗಲೂ ಅದು ಗ್ಯಾಸೇ.

ನಾನು ಇದ್ದ ಕ್ಲಿನಿಕ್ಕೂ ದೋಹಾದಲ್ಲೇ, ನಜ್ಮಾ ಎಂಬ ಬಡಾವಣೆಯಲ್ಲಿ, ಟೈಲರ್ ಅಂಗಡಿಗಳ ಸಾಲಿನ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಒಂದು ಕೆಫೆಟೇರಿಯಾ. ಬಸುರಿಯರ ಕ್ಲಿನಿಕ್ಕಿನ ಕೆಳಗೆ ದಿನವಿಡೀ ಎಣ್ಣೆ ಕಾಯುವ ಜಾಗ ಇರಲಿ ಎಂದು ಯೋಜನೆ ಮಾಡಿದ ಬುದ್ಧಿವಂತರು ಯಾರೋ ಗೊತ್ತಿಲ್ಲ. ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅರ್ಧ ಜನಕ್ಕೆ ವಾಂತಿಯಾಗಿ, ನಮಗೆ ಪರೀಕ್ಷೆಯ ಕೆಲಸವೇ ಉಳಿಯುತ್ತಿರಲಿಲ್ಲ.

ಅವು ವಿಶ್ವಕಪ್ಪಿನ ವರ್ಷಗಳು. ಫುಟ್‌ಬಾಲ್ ಬರುತ್ತದೆ ಎಂಬ ಒಂದು ಮಾತಿಗೆ ಇಡೀ ಊರನ್ನು ಅಗೆದು ಹಾಕಿದ್ದರು. ನಿನ್ನೆ ಬಂದ ರಸ್ತೆ ಇವತ್ತು ಇರುತ್ತಿರಲಿಲ್ಲ. ಹತ್ತು ಗಂಟೆಯ ಅಪಾಯಿಂಟ್‌ಮೆಂಟಿಗೆ ಹನ್ನೊಂದಕ್ಕೆ ಬಂದವರನ್ನು ಬೈಯುವಂತಿರಲಿಲ್ಲ, ಯಾಕೆಂದರೆ ಡಾಕ್ಟರೂ ಆಗಷ್ಟೇ ಬಂದಿರುತ್ತಿದ್ದರು. ಎಲ್ಲರಿಗೂ ಒಂದೊಂದು ಡೆಡ್‌ಲೈನ್. "ಸ್ಟೇಡಿಯಂ ಹ್ಯಾಂಡೋವರ್ ಆದ್ಮೇಲೇ ಮಗು" ಎಂದು ಪ್ಲಾನ್ ಮಾಡಿಕೊಂಡ ಗಂಡ ಹೆಂಡತಿಯರು ನಮ್ಮಲ್ಲಿಗೆ ಬರುತ್ತಿದ್ದರು. ಸ್ಟೇಡಿಯಂ ಮುಂದಕ್ಕೆ ಹೋಗುತ್ತಿತ್ತು, ಮಗು ಮಾತ್ರ ಸಮಯಕ್ಕೆ ಮೊದಲೇ ಬಂದುಬಿಡುತ್ತಿತ್ತು.

ನನ್ನ ಮೇಲೆ ಇಬ್ಬರು. ಒಬ್ಬರು ಡಾ. ಸುಹೈರ್, ಈಜಿಪ್ಟಿನ ಲೇಡಿ ಡಾಕ್ಟರು. ಕೈಗುಣ ಒಳ್ಳೆಯದು, ತಾಳ್ಮೆ ಇಲ್ಲ. "ಮಬ್ರೂಕ್" ಎಂದು ಅಭಿನಂದಿಸಿ, "ಮಾಫಿ ಮುಶ್ಕಿಲ್, ತೊಂದರೆ ಏನಿಲ್ಲ" ಎಂದು ಧೈರ್ಯ ಹೇಳಿ, "ಯಲ್ಲಾ" ಎಂದು ಮುಂದಿನವರನ್ನು ಕರೆಯುವುದನ್ನು ಅವರು ಒಂದೇ ಉಸಿರಿನಲ್ಲಿ ಮಾಡುತ್ತಿದ್ದರು. ಇನ್ನೊಬ್ಬ ನಮ್ಮ ಮ್ಯಾನೇಜರ್. ಅವನಿಗೆ ಗರ್ಭಕೋಶ ಎಡಕ್ಕಿದೆಯೋ ಬಲಕ್ಕಿದೆಯೋ ಗೊತ್ತಿರಲಿಲ್ಲ, ಮಾರ್ಕೆಟಿಂಗ್ ಗೊತ್ತಿತ್ತು. ಮೊದಲ ಮೂರು ತಿಂಗಳ ತಪಾಸಣೆಗೆ 'ಕಿಕ್-ಆಫ್ ಪ್ಯಾಕೇಜ್' ಎಂದು ಹೆಸರಿಟ್ಟು, ಬಸುರಿಯ ಹೊಟ್ಟೆಯ ಜಾಗದಲ್ಲಿ ಫುಟ್‌ಬಾಲ್ ಇರುವ ದೊಡ್ಡ ಪೋಸ್ಟರ್ ಮಾಡಿಸಿ ತಂದ. ಕೆಳಗೆ ದಪ್ಪ ಅಕ್ಷರದಲ್ಲಿ, 'ಈ ಸಂತೋಷದ ಕ್ಷಣ ಇಡೀ ಕುಟುಂಬದ ಜೊತೆ'. ಡಾ. ಸುಹೈರ್ ಕನ್ನಡಕ ಏರಿಸಿ ನೋಡಿದರು. "ಫುಟ್‌ಬಾಲನ್ನು ಜನ ಏನು ಮಾಡುತ್ತಾರೆ?" ಎಂದು ಕೇಳಿದರು. ಅವನು ಯೋಚಿಸಿ, "ಒದೆಯುತ್ತಾರೆ" ಎಂದ. "ಖಲಾಸ್. ತೆಗೆ," ಎಂದರು. ಅವನು ಅದನ್ನು ತೆಗೆದು ಗಂಡಸರು ಕೂರುವ ಜಾಗದಲ್ಲಿ ನೇತುಹಾಕಿದ.

ಆ ಜಾಗದ ಬಗ್ಗೆ ಹೇಳಲೇಬೇಕು. ನಮ್ಮಲ್ಲಿ ಹೆಂಗಸರ ವಿಭಾಗಕ್ಕೆ ಗಾಜಿನ ಬಾಗಿಲು. ಗಂಡಂದಿರು ಅದರಾಚೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ. ಉಳಿದ ಹೆಂಗಸರ ಮರ್ಯಾದೆಯ ವಿಷಯ, ತಪ್ಪೆನ್ನುವಂತಿಲ್ಲ. ಆದರೆ ನಮ್ಮ ಮ್ಯಾನೇಜರ್ ಆ ನಿಯಮವನ್ನು ಸ್ಕ್ಯಾನ್ ಕೋಣೆಯವರೆಗೂ ಎಳೆದಿದ್ದ. ರಿಸೆಪ್ಶನ್ನಿನಲ್ಲಿ ಮೊದಲು ಮದುವೆ ಸರ್ಟಿಫಿಕೇಟು ಕೇಳುತ್ತಿದ್ದರು, ಊರಿನಿಂದ ಹಿಡಿದು ಎಂಬೆಸಿಯವರೆಗೆ ಎಲ್ಲರ ಮುದ್ರೆ ಬಿದ್ದದ್ದು. ಅಷ್ಟು ಮುದ್ರೆ ಹಾಕಿಸಿಕೊಂಡ ಗಂಡ, ಹೆಂಡತಿಯನ್ನು ಒಳಗೆ ಕಳಿಸಿ ಹೊರಗೆ ಪೋಸ್ಟರಿನ ಫುಟ್‌ಬಾಲ್ ನೋಡುತ್ತಾ ಕೂರಬೇಕು. ಅವನಿಗೆ ಸುದ್ದಿ ಸಿಗುವುದು ಹೆಂಡತಿ ಹೊರಗೆ ಬಂದು, "ಇಷ್ಟು ವಾರವಂತೆ" ಎಂದಾಗಲೇ.

ಅಲ್ಲೇ ಎಡವಟ್ಟು. ನಮ್ಮ ವಾರದ ಲೆಕ್ಕ ಶುರುವಾಗುವುದು ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ. ಗರ್ಭ ಕಟ್ಟುವುದು ಸುಮಾರು ಎರಡು ವಾರ ಕಳೆದ ಮೇಲೆ. ಮೊದಲ ಎರಡು ವಾರ ಹೆಂಗಸು ಬಸುರಿಯೇ ಅಲ್ಲ, ಆದರೂ ಲೆಕ್ಕಕ್ಕೆ ಬಸುರಿ. ಊರಿನಲ್ಲಿ ಗಂಡ ಹೆಂಡತಿ ಒಂದೇ ಮನೆಯಲ್ಲಿ ಇರುವುದರಿಂದ ಈ ಎರಡು ವಾರವನ್ನು ಯಾರೂ ಕೇಳುವುದಿಲ್ಲ. ಗಲ್ಫಿನಲ್ಲಿ ಹಾಗಲ್ಲ. ಅಲ್ಲಿ ಗಂಡ ವರ್ಷಗಟ್ಟಲೆ ಬ್ಯಾಚುಲರ್ ರೂಮಿನಲ್ಲಿ ಸಾಂಬಾರು ಕುದಿಸುತ್ತಾ ಇರುತ್ತಾನೆ. ಹೆಂಡತಿ ವಿಮಾನ ಇಳಿದ ದಿನ ಅವನಿಗೆ ಬಾಯಿಪಾಠ. ಬಂದ ಹೊಸದರಲ್ಲೇ ಗರ್ಭ ನಿಂತರೆ, ಡಾಕ್ಟರು ಹೇಳುವ ವಾರ ವಿಮಾನಕ್ಕಿಂತ ಮೊದಲು ಶುರುವಾಗಿರುತ್ತದೆ.

ಕುಂದಾಪುರದ ಕಡೆಯವರೊಬ್ಬರು, ಹೋಟೆಲಿನಲ್ಲಿ ಅಡುಗೆಯವರು, ಒಂದು ದಿನ ಗಾಜಿನ ಬಾಗಿಲನ್ನೇ ನೂಕಿಕೊಂಡು ಬಂದು ಎಲ್ಲರೆದುರು ಕೇಳಿದರು: "ಇದೆಂತ ಸಿಸ್ಟ್ರೇ, ಹೆಂಡ್ತಿ ಬಂದ್ ಮೂರ್ ವಾರ ಆಯ್ತ್. ನೀವ್ ಐದ್ ಅಂತ್ರಿ. ಉಳ್ದ್ ಎರಡ್ ವಾರ ಯಾರ್ದ್ ಮರಾಯ್ರೆ?"

ಅವರ ಹೆಂಡತಿ ಹಣೆ ಹಣೆ ಚಚ್ಚಿಕೊಂಡರು. ನಾನು ಲೆಕ್ಕ ಬಿಡಿಸಿ ಹೇಳಿದೆ. "ಓ, ಹಾಂಗಾ! ಮೊದ್ಲೇ ಹೇಳೂಕಾಗ್ತಿಲ್ಯಾ?" ಎಂದು ನನ್ನನ್ನೇ ಬೈದು, ಮರುದಿನ ಎಲ್ಲರಿಗೂ ಗೋಳಿಬಜೆ ಕಳಿಸಿದರು. ಆ ಹೆಂಗಸು ಪುಣ್ಯವಂತೆ. ಬಾಯಿಬಿಟ್ಟು ಕೇಳುವ ಗಂಡಸಿನಿಂದ ಅಪಾಯವಿಲ್ಲ. ಮರ್ಯಾದಸ್ಥರು, ಓದಿದವರು, ಹೆಂಡತಿಗೆ ನೋವಾಗಬಾರದೆಂದು ಒಳಗೊಳಗೇ ಲೆಕ್ಕ ಹಾಕುವವರು, ಅವರನ್ನು ಕಂಡರೆ ನನಗೆ ಈಗಲೂ ಭಯ.

ಶ್ರೀಧರ ಅಂಥವನು. ಮೈಸೂರಿನವನು, ಹಮದ್ ಬಂದರಿನ ಕಡೆಗೆ ರಸ್ತೆ ಮಾಡುತ್ತಿದ್ದ ಕಂಪನಿಯೊಂದರಲ್ಲಿ ಪ್ಲಾನಿಂಗ್ ಎಂಜಿನಿಯರ್. ಮದುವೆಯಾದ ಮೇಲೂ ಬಹಳ ಕಾಲ ನಮ್ಮ ನಜ್ಮಾದ ಹಂಚಿಕೆ ರೂಮಿನಲ್ಲಿದ್ದ. ಗ್ರೇಡು ಏರಿ, ಫ್ಯಾಮಿಲಿ ವೀಸಾ ಸಿಕ್ಕಿ, ದೋಹಾದಾಚೆಯ ಅಲ್ ವಕ್ರಾದಲ್ಲಿ ಫ್ಲ್ಯಾಟು ಹಿಡಿದು, ಕೊನೆಗೂ ಹೆಂಡತಿಯನ್ನು ಕರೆಸಿಕೊಂಡಿದ್ದ. ಅವಳು ವಿದ್ಯಾ. ಮೈಸೂರಿನ ಶಾಲೆಯೊಂದರಲ್ಲಿ ಟೀಚರ್ ಆಗಿದ್ದು, ಆ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬಂದಿದ್ದಳು. ಬಂದು ಒಂದು ತಿಂಗಳಾಗುವಷ್ಟರಲ್ಲಿ ನಮ್ಮ ಮೆಟ್ಟಿಲು ಹತ್ತಿದಳು. ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಂಡು, ಮಗು ಈ ವಾರ ಮಸೂರ ಬೇಳೆಯಷ್ಟು ಎಂದು ನನಗೇ ತಿಳಿಸಿದಳು. ನಾವು ಕಲಿತ ಕಾಲದಲ್ಲಿ ಕೈಯಿಂದ ಹೊಟ್ಟೆ ಮುಟ್ಟಿ ಹೇಳುತ್ತಿದ್ದೆವು. ಈಗ ಆ್ಯಪು ದಿನಸಿ ಅಂಗಡಿ ಇಟ್ಟುಕೊಂಡು ಹೇಳುತ್ತದೆ.

"ಯಾರಿಗೆಲ್ಲ ಹೇಳಿದ್ದೀರಿ?" ಎಂದು ಕೇಳಿದೆ.

"ಯಾರಿಗೂ ಇಲ್ಲ ಸಿಸ್ಟರ್. ಮೂರು ತಿಂಗಳು ತುಂಬೋವರ್ಗೂ ಹೇಳಬಾರದಲ್ವಾ? ಅಮ್ಮಂಗೂ ಹೇಳಿಲ್ಲ, ಅತ್ತೆಗೂ ಹೇಳಿಲ್ಲ. ಇವರ ಫ್ರೆಂಡ್ಸಿಗಂತೂ ಇಲ್ಲವೇ ಇಲ್ಲ. ದೃಷ್ಟಿಯಾಗತ್ತೆ."

ಮೂರು ತಿಂಗಳು ತುಂಬುವವರೆಗೆ ಬಾಯಿಬಿಡಬಾರದು ಎಂಬ ನಮ್ಮ ಪದ್ಧತಿಯಿಂದ ಎಷ್ಟು ದೃಷ್ಟಿ ತಪ್ಪಿದೆಯೋ ನಾನು ಕಾಣೆ. ಕೇಳಬೇಕಾದ್ದನ್ನು ಕೇಳಲು ಯಾರೂ ಸಿಗದಂತೆ ಮಾಡುವುದಂತೂ ಹೌದು. ಶ್ರೀಧರನ ತಾಯಿ ಮೈಸೂರಿನಲ್ಲಿ ಮೂರು ಹೆತ್ತು ಕುಳಿತಿದ್ದರು. ಅವರಿಗೆ ಒಂದು ಫೋನು ಮಾಡಿದ್ದರೆ, "ಲೆಕ್ಕ ಹಿಂದಿನ ತಿಂಗಳಿಂದ ಕಣೋ ದಡ್ಡ" ಎಂದು ಅಲ್ಲೇ ಮುಗಿಸಿಬಿಡುತ್ತಿದ್ದರು.

ಡಾ. ಸುಹೈರ್ ಸ್ಕ್ಯಾನ್ ಮಾಡಿದರು. "ಮಬ್ರೂಕ್. ಆರು ವಾರ. ಹೃದಯದ ಬಡಿತ ಇನ್ನೂ ಕಾಣುತ್ತಿಲ್ಲ, ಈಗ ಕಾಣದಿದ್ದರೂ ಹೆದರಬೇಡಿ. ಎರಡು ವಾರ ಬಿಟ್ಟು ಬನ್ನಿ. ಮಾಫಿ ಮುಶ್ಕಿಲ್. ಯಲ್ಲಾ."

ವಿದ್ಯಾ ಕುಣಿಯುತ್ತಾ ಹೊರಗೆ ಹೋದಳು. ಗಾಜಿನ ಆಚೆ ನನಗೆ ಅವನ ಮುಖ ಕಾಣುತ್ತಿತ್ತು. ಅವಳು ಏನೋ ಹೇಳಿದಳು. ಮೊದಲು ನಗು ಬಂತು. ಆಮೇಲೆ ಅವನ ಹೆಬ್ಬೆರಳು ಉಳಿದ ಬೆರಳುಗಳನ್ನು ಒಂದೊಂದಾಗಿ ಮುಟ್ಟಿತು. ನಗು ಮುಖದಲ್ಲೇ ಇತ್ತು, ಆದರೆ ಕಣ್ಣಿಗೆ ಸಂಬಂಧವಿರಲಿಲ್ಲ. ನಾನು ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ಮುಂದಿನವಳು ತಲೆಸುತ್ತಿ ಬಿದ್ದಳು, ಅವಳನ್ನು ಎಬ್ಬಿಸಿ ಕೂರಿಸಿ ಬರುವಾಗ ಇವರು ಹೊರಟುಹೋಗಿದ್ದರು.

ಒಂದು ವಾರದ ನಂತರ ವಿದ್ಯಾ ಒಬ್ಬಳೇ ಬಂದಳು. ಮೆಟ್ರೋ ಆಗಷ್ಟೇ ಶುರುವಾಗಿತ್ತು, ವಕ್ರಾದಿಂದ ಅದರಲ್ಲೇ ಬಂದಿದ್ದಳು. ವಾಂತಿ ಜಾಸ್ತಿಯಾಗಿ ಮುಖ ಬಾಡಿತ್ತು. ಸ್ವಲ್ಪ ಸ್ವಲ್ಪವೇ ತಿನ್ನಲು, ಏಳುವ ಮೊದಲು ಒಣ ಬಿಸ್ಕತ್ತು ಬಾಯಿಗೆ ಹಾಕಿಕೊಳ್ಳಲು ಹೇಳಿದೆ. ಅವಳಿಗೆ ಬೇಕಾಗಿದ್ದದ್ದು ಅದಲ್ಲ.

"ಸಿಸ್ಟರ್, ಈಗ ಫ್ಲೈಟಲ್ಲಿ ಹೋಗಬಹುದಾ? ಇವರು ಟಿಕೆಟ್ ಬುಕ್ ಮಾಡ್ಬಿಟ್ಟಿದಾರೆ. ಮುಂದಿನ ಸ್ಕ್ಯಾನ್ ಆದ ಮಾರನೇ ದಿನಕ್ಕೆ. ಇಲ್ಲಿ ನಿಂಗೆ ಸುಸ್ತಾಗತ್ತೆ, ಊರಲ್ಲಿ ರೆಸ್ಟ್ ತಗೋ ಅಂತಾರೆ. ಎಷ್ಟು ಕೇರ್ ಮಾಡ್ತಾರೆ ನೋಡಿ."

"ವಾಪಸ್ ಯಾವಾಗ?"

"ಅದು ಆಮೇಲೆ ನೋಡೋಣ ಅಂದ್ರು."

"ಮತ್ತೆ? ಮನೆಯಲ್ಲಿ ಹೇಗಿದ್ದಾರೆ?"

"ಕೆಲಸ ಜಾಸ್ತಿ, ಪಾಪ. ಊಟ ಸೈಟಲ್ಲೇ ಮಾಡ್ಕೊಂಡು ಬರ್ತಾರೆ. ಬೆಳಿಗ್ಗೆ ಬೇಗ ಏಳಬೇಕು ಅಂತ ಹಾಲಲ್ಲಿ ಮಲಗ್ತಾರೆ. ನಿನ್ನೆ ಸುಮ್ನೆ ಮಾತಾಡ್ತಾ, ನೀನು ಇಲ್ಲಿಗೆ ಬರೋ ಮುಂಚೆ ಸ್ಕೂಲಲ್ಲಿ ಬೀಳ್ಕೊಡುಗೆ ಮಾಡಿದ್ರಲ್ಲ, ಯಾರ್ಯಾರು ಬಂದಿದ್ರು ಅಂತ ಕೇಳಿದ್ರು. ಮನೆಗೆ ಡ್ರಾಪ್ ಮಾಡಿದ್ದು ಯಾರು ಅಂತಲೂ…"

ಹೇಳುತ್ತಾ ಹೇಳುತ್ತಾ ಅವಳಿಗೇ ಅರ್ಥವಾಯಿತು. ಮಾತು ಅಲ್ಲೇ ನಿಂತಿತು. ನೀರು ಕೊಟ್ಟೆ. ಗ್ಲಾಸು ಪಕ್ಕಕ್ಕಿಟ್ಟು ಬೆರಳು ಮಡಚಿ ಎಣಿಸಿದಳು.

"ಆರು ವಾರ," ಎಂದಳು ಕೊನೆಗೆ. "ನಾನು ಬಂದು ಆಗ ನಾಲ್ಕು ವಾರ."

"ನಾನು ಅವರಿಗೆ ಹೇಳ್ತೇನೆ ಮಾರಾಯ್ತಿ. ಐದು ನಿಮಿಷದ ಕೆಲಸ."

"ಬೇಡ." ಟೀಚರ್ ದನಿ ಬಂದಿತ್ತು. "ನೀವು ಹೇಳಬೇಡಿ. ನಾನೂ ಹೇಳಲ್ಲ. ಅವರೇ ಕೇಳ್ಲಿ. ಕೇಳದೇ ಟಿಕೆಟ್ ಕೈಗಿಟ್ರೆ ಹೋಗ್ತೀನಿ. ಆಮೇಲೆ ಬರಲ್ಲ."

ಹಠ ಎನ್ನಬೇಡಿ. ಕೆಲಸ ಬಿಟ್ಟು, ಊರು ಬಿಟ್ಟು, ಇವನೊಬ್ಬನನ್ನು ನಂಬಿ ಮರಳುಗಾಡಿಗೆ ಬಂದವಳು. ಒಂದು ವಾರದಿಂದ ಹಾಲಿನಲ್ಲಿ ಮಲಗುವವನ ಬಟ್ಟೆ ಇಸ್ತ್ರಿ ಮಾಡಿ ಕೊಟ್ಟಿದ್ದಳು, ಪಾಪ ಕೆಲಸ ಜಾಸ್ತಿ ಎಂದು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಅವನು ಆಗ ಎದುರಿಗೆ ಸಿಕ್ಕಿದ್ದರೆ ನನ್ನ ಲೈಸೆನ್ಸು ಹೋಗುವಂಥದ್ದೇನಾದರೂ ಮಾಡುತ್ತಿದ್ದೆ.

ಅವನೇ ಬಂದ, ಸ್ಕ್ಯಾನಿಗೆ ಎರಡು ದಿನ ಇರುವಾಗ. ಮಧ್ಯಾಹ್ನ ಕೆಳಗಿನ ಕೆಫೆಟೇರಿಯಾದಲ್ಲಿ ನಾನು ಕರಕ್ ಚಹಾ ಕುಡಿಯುತ್ತಿದ್ದೆ. ಸೈಟಿನ ಬೂಟು, ಧೂಳು ಹಿಡಿದ ಜಾಕೆಟ್ಟು, ಗಡ್ಡ. ಎದುರಿನ ಕುರ್ಚಿ ಎಳೆದು ಕುಳಿತ. ಹವೆ ಬಿಸಿ ಎಂದ. ಡೈವರ್ಶನ್ನಿನಿಂದ ಸಾಕಾಗಿದೆ ಎಂದ. ಆ ಡೈವರ್ಶನ್ ಹಾಕುವುದು ಅವನದೇ ಕಂಪನಿ, ನಾನು ನೆನಪಿಸಲಿಲ್ಲ. ಆಮೇಲೆ ಚಹಾ ನೋಡುತ್ತಾ ಕೇಳಿದ:

"ಸಿಸ್ಟರ್, ಆ ಸ್ಕ್ಯಾನ್ ಮಷಿನ್ನು… ಅದರ ಕ್ಯಾಲಿಬ್ರೇಶನ್ ಎಲ್ಲಾ ರೆಗ್ಯುಲರ್ ಆಗಿ ಆಗತ್ತಾ?"

ಅಬ್ಬಾ! ಹೆಂಡತಿಯನ್ನು ಸಂಶಯಿಸುವ ಮೊದಲು ಮಷಿನ್ನಿಗೆ ಒಂದು ಅವಕಾಶ ಕೊಡಬೇಕೆಂದು ಆ ಮಹಾನುಭಾವನಿಗೆ ಈಗಲಾದರೂ ಹೊಳೆದಿತ್ತು.

"ಮಷಿನ್ ಸರಿ ಉಂಟು," ಎಂದೆ. "ಯಾಕೆ, ಎಂತ ಆಯ್ತು?"

"ಏನಿಲ್ಲ. ಒಂದೆರಡು ವಾರ ಹೆಚ್ಚು ಕಮ್ಮಿ ತೋರ್ಸೋ ಚಾನ್ಸ್ ಇರತ್ತಾ ಅಂತ."

ವಿದ್ಯಾಳಿಗೆ ಮಾತು ಕೊಟ್ಟಿದ್ದೆ, ಅವಳ ವಿಷಯ ಹೇಳುವುದಿಲ್ಲ ಎಂದು. ಹೇಳಲಿಲ್ಲ. ರಸ್ತೆಯ ವಿಷಯ ಕೇಳಿದೆ, ಅದಕ್ಕೆ ಅವಳು ಬೇಡ ಎಂದಿರಲಿಲ್ಲ.

"ನಿಮ್ಮ ರಸ್ತೆ ಕೆಲಸಕ್ಕೆ ಎಷ್ಟು ತಿಂಗಳಾಯ್ತು ಅಂತ ಲೆಕ್ಕ ಹಾಕ್ತೀರಲ್ಲ, ಯಾವ ದಿನದಿಂದ ಹಾಕುದು? ಮೊದಲು ಮಣ್ಣು ಅಗೆದ ದಿನದಿಂದಲಾ?"

"ಇಲ್ಲ ಸಿಸ್ಟರ್, ಕಾಂಟ್ರಾಕ್ಟಲ್ಲಿ ಶುರು ಅಂತ ಬರೆದಿರೋ ದಿನದಿಂದ. ಅಗೆಯೋದು ಆಮೇಲೆ. ಮೊದಲ ಎರಡು ವಾರ ಸೈಟಲ್ಲಿ ಯಾರೂ ಇರಲ್ಲ, ಖಾಲಿ ಜಾಗ. ಆದ್ರೂ ಲೆಕ್ಕಕ್ಕೆ…"

ನಿಲ್ಲಿಸಿದ.

"ಹೌದು," ಎಂದೆ. "ನಮ್ಮಲ್ಲಿಯೂ ಹಾಗೇ. ಕೊನೆಯ ಮುಟ್ಟಿನ ಮೊದಲ ದಿನದಿಂದ. ಎಲ್ಲಾ ಹೆಂಗಸರಿಗೂ, ಎಲ್ಲಾ ದೇಶದಲ್ಲೂ. ನಿಮ್ಮ ಅಮ್ಮ ನಿಮ್ಮನ್ನು ಹೊತ್ತಾಗಲೂ ಅದೇ ಲೆಕ್ಕ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಪಕ್ಕದ ಟೇಬಲ್ಲಿನವರು ನೋಡುತ್ತಿದ್ದರು. ಗಂಡಸರು ಅಳುವುದನ್ನು ಕಂಡರೆ ನನಗೆ ಕರುಳು ಕಿವುಚುತ್ತದೆ, ಆದರೆ ಆವತ್ತು ಸುಳ್ಳು ಹೇಳುವುದೇಕೆ, ಹಾಯಾಗಿ ಚಹಾ ಮುಗಿಸಿದೆ.

"ಸದ್ಯ, ಅವಳಿಗೆ ಏನೂ ಗೊತ್ತಾಗಿಲ್ಲ," ಎಂದ ಕಣ್ಣೊರೆಸಿಕೊಂಡು. "ನಾನೇ ಸರಿ ಮಾಡ್ಕೋತೀನಿ ಸಿಸ್ಟರ್. ಟಿಕೆಟ್ ಇವತ್ತೇ ಕ್ಯಾನ್ಸಲ್. ಸ್ಕ್ಯಾನ್ ದಿನ ಕೇಕ್ ತಂದು ಸರ್‌ಪ್ರೈಸ್ ಕೊಡ್ತೀನಿ."

"ಕೇಕ್ ತನ್ನಿ," ಎಂದೆ. "ಬೆಣ್ಣೆ ವಾಸನೆಗೆ ಅವಳು ನಿಮ್ಮ ಮೇಲೆಯೇ ವಾಂತಿ ಮಾಡಲಿ. ನೋಡಿ ಇವರೇ, ಸರ್‌ಪ್ರೈಸ್ ಆಗ್ಲೇ ಕೊಟ್ಟಾಗಿದೆ. ಕ್ಷಮೆ ಕೇಳ್ಲಿಕ್ಕೆ ಬನ್ನಿ. ಸ್ಕ್ಯಾನ್ ಕೋಣೆಯ ಒಳಗೆ ಬನ್ನಿ."

ಸ್ಕ್ಯಾನ್ ದಿನ ಅವನು ಕೇಕಿಲ್ಲದೆ ಬಂದ. ಹೆಂಡತಿಯ ಹಿಂದೆ ಗಾಜಿನ ಬಾಗಿಲವರೆಗೆ ಬಂದು, ಅಭ್ಯಾಸದಂತೆ ಪ್ಲಾಸ್ಟಿಕ್ ಕುರ್ಚಿ ಹುಡುಕಿದ. ನಾನು ತೋಳು ಹಿಡಿದು ಒಳಗೆ ಎಳೆದೆ. ಮ್ಯಾನೇಜರ್ ಎಲ್ಲಿದ್ದನೋ, ಓಡಿ ಬಂದ. "ಸಿಸ್ಟರ್, ರೂಲ್ಸ್!" ಎಂದ. ನಾನು ಗೋಡೆಯ ಪೋಸ್ಟರ್ ತೋರಿಸಿದೆ. "ಇಡೀ ಕುಟುಂಬದ ಜೊತೆ ಅಂತ ನೀವೇ ಬರೆಸಿದ್ದೀರಿ ಸರ್. ದೊಡ್ಡ ಅಕ್ಷರದಲ್ಲಿ. ಇಡೀ ಕುಟುಂಬ ಬೇಡ, ಗಂಡನಾದರೂ ಬರಲಿ." ಅವನು ತನ್ನ ಪೋಸ್ಟರನ್ನು ಮೊದಲ ಸಲ ಓದುವವನಂತೆ ಓದುತ್ತಾ ನಿಂತ.

ಒಳಗೆ ಪರದೆಯ ಈ ಬದಿ ಅವನನ್ನು ವಿದ್ಯಾಳ ತಲೆಯ ಹತ್ತಿರ ನಿಲ್ಲಿಸಿದೆ. ಅವಳು ಅವನ ಕಡೆ ನೋಡಲಿಲ್ಲ. ಡಾ. ಸುಹೈರ್ ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಕೆಲಸ ಶುರು ಮಾಡಿದರು.

ಅವನು ಬಗ್ಗಿ ಮೆಲ್ಲಗೆ ಹೇಳಿದ, "ಟಿಕೆಟ್ ಕ್ಯಾನ್ಸಲ್ ಮಾಡಿದೀನಿ ವಿದ್ಯಾ."

"ಬುಕ್ ಮಾಡೋವಾಗ ನನ್ನ ಕೇಳಿದ್ರಾ?"

"ಇಲ್ಲ."

"ಕ್ಯಾನ್ಸಲ್ ಮಾಡೋವಾಗ?"

"ತಪ್ಪಾಯ್ತು," ಎಂದ. "ನಂಗೆ ಲೆಕ್ಕ ಗೊತ್ತಿರಲಿಲ್ಲ."

"ಲೆ‌ಕ್ಕ ಗೊತ್ತಿಲ್ದೇ ಇದ್ರೆ ಪರವಾಗಿಲ್ಲ ರೀ. ನಾನೇನು ಅಂತ ಗೊತ್ತಿರಲಿಲ್ವಾ?"

ಅಷ್ಟರಲ್ಲಿ ಡಾಕ್ಟರು ಸ್ಕ್ರೀನನ್ನು ನಮ್ಮ ಕಡೆ ತಿರುಗಿಸಿದರು. ಬೂದು ಬಣ್ಣದ ನಡುವೆ ಒಂದು ಸಣ್ಣ ಚುಕ್ಕೆ ಮಿಣುಕು ಮಿಣುಕು ಎನ್ನುತ್ತಿತ್ತು. ನನ್ನ ಕೆಲಸದಲ್ಲಿ ಅದನ್ನು ಎಷ್ಟು ಸಲ ನೋಡಿದ್ದೇನೋ, ಪ್ರತಿ ಸಲವೂ ಕೈಯ ಕೆಲಸ ಬಿಟ್ಟು ನೋಡುತ್ತಿದ್ದೆ. "ಹೃದಯ," ಎಂದರು. "ಎಂಟು ವಾರ. ಮಬ್ರೂಕ್."

ವಿದ್ಯಾ ಆ ಚುಕ್ಕೆಯನ್ನೇ ನೋಡುತ್ತಾ ಹೇಳಿದಳು, ಅವನಿಗೋ ಮಗುವಿಗೋ ಗೊತ್ತಾಗಲಿಲ್ಲ:

"ಎಂಟು ವಾರ. ಮೊದಲನೇ ಎರಡು ವಾರ ಮಗು ಇರಲಿಲ್ಲ. ಕೊನೇ ಎರಡು ವಾರ ಅಪ್ಪ ಇರಲಿಲ್ಲ."

ಡಾ. ಸುಹೈರ್ ನನ್ನ ಕಡೆ ತಿರುಗಿದರು. "ಏನು ಹೇಳುತ್ತಿದ್ದಾಳೆ?" ನಾನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ, ಹಿಂದಿನದ್ದನ್ನೂ ಸೇರಿಸಿ. ಅವರು ಕನ್ನಡಕ ತೆಗೆದರು. ದಿನಕ್ಕೆ ನೂರು ಸಲ ಮಾಫಿ ಮುಶ್ಕಿಲ್ ಎನ್ನುವವರು ಆವತ್ತು ಅದನ್ನು ಹೇಳಲಿಲ್ಲ. ಯಲ್ಲಾ ಎಂದೂ ಹೇಳಲಿಲ್ಲ. ಮೂಲೆಯಲ್ಲಿದ್ದ ತಮ್ಮ ಕುರ್ಚಿಯನ್ನು ತಾವೇ ಎಳೆದು ತಂದು ಹಾಸಿಗೆಯ ಪಕ್ಕ ಹಾಕಿ, ಶ್ರೀಧರನಿಗೆ ಕೂರುವಂತೆ ಕೈ ತೋರಿಸಿ, ನನ್ನನ್ನು ಕರೆದುಕೊಂಡು ಹೊರಗೆ ಬಂದರು. ಹೊರಗೆ ಹೆಂಗಸರು ಸಾಲಾಗಿ ಕಾಯುತ್ತಿದ್ದರು. ನಾವಿಬ್ಬರೂ ಬಾಗಿಲ ಬಳಿ ನಿಂತೆವು. ಒಳಗಿನಿಂದ ಅವಳು ಅಳುವುದು ಕೇಳಿತು, ಬಂದ ದಿನದಿಂದ ಮೊದಲ ಸಲ.

ಅವಳು ಊರಿಗೆ ಹೋಗಲಿಲ್ಲ. ಆ ಕುರ್ಚಿಯೂ ಅಲ್ಲಿಂದ ಹೋಗಲಿಲ್ಲ. ಮ್ಯಾನೇಜರ್ ಎರಡು ಸಲ ಹೊರಗೆ ಹಾಕಿಸಿದ, ಡಾಕ್ಟರು ಎರಡು ಸಲ ಒಳಗೆ ತರಿಸಿದರು. ಮೂರನೆಯ ಸಲ ಅವನು ಅದನ್ನು ಪ್ಯಾಕೇಜಿಗೆ ಸೇರಿಸಿ ತನ್ನದೇ ಐಡಿಯಾ ಎಂದು ಮೇಲಿನವರಿಗೆ ಹೇಳಿದನಂತೆ. ಇರಲಿ. ಅಂದಿನಿಂದ ನಾವು ವಾರ ಹೇಳುವ ಮೊದಲು ಗಂಡನನ್ನು ಕರೆದು ಕೂರಿಸಿ, ಲೆಕ್ಕ ಎಲ್ಲಿಂದ ಶುರು ಎಂದು ಹೇಳಿ, ಆಮೇಲೆ ವಾರ ಹೇಳುತ್ತಿದ್ದೆವು. ಕೇಳಲಿ, ಕೇಳದಿರಲಿ. ಪ್ರತೀಕ್ಷಾ, ನಿಮ್ಮ ಕ್ಲಿನಿಕ್ಕಿನಲ್ಲಿ ಮಷಿನ್ನು ಎಂಥದ್ದು ಎಂದು ಆಮೇಲೆ ವಿಚಾರಿಸು. ಹಾಸಿಗೆಯ ಪಕ್ಕ ಕುರ್ಚಿ ಉಂಟಾ ಎಂದು ಮೊದಲು ನೋಡು.

ನಡುವೆ ಕೊರೊನಾ ಬಂದು ಹೋಯಿತು. ರಸ್ತೆಗಳು ಮುಗಿದವು, ಫುಟ್‌ಬಾಲೂ ಬಂತು. ಆ ತಿಂಗಳು ನನ್ನ ಕೊನೆಯ ತಿಂಗಳು. ಇಡೀ ನಜ್ಮಾ ಬಣ್ಣ ಬಣ್ಣದ ಬಾವುಟ ಕಟ್ಟಿಕೊಂಡಿತ್ತು. ಒಂದು ಬೆಳಗ್ಗೆ ಗಾಜಿನಾಚೆ ಪರಿಚಿತ ದನಿ ಕೇಳಿ ಇಣುಕಿದೆ. ಶ್ರೀಧರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ, ತೊಡೆಯ ಮೇಲೆ ಅರ್ಜೆಂಟೀನಾದ ಜೆರ್ಸಿ ಹಾಕಿಕೊಂಡ ಪುಟ್ಟ ಹುಡುಗಿ. ಪಕ್ಕದಲ್ಲಿ ಆಂಧ್ರದ ಕಡೆಯ ಒಬ್ಬ ಹೊಸ ಗಂಡ. ಅವನು ಏನೂ ಕೇಳಿರಲಿಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಶ್ರೀಧರ ಮಾತ್ರ ಹರಕು ಹಿಂದಿಯಲ್ಲಿ, ಬೆರಳು ಮಡಚಿ, ರಸ್ತೆ, ಕಾಂಟ್ರಾಕ್ಟು, ಖಾಲಿ ಸೈಟು ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದ.

ಒಳಗೆ ವಿದ್ಯಾ ಸ್ಕ್ಯಾನಿಗೆ ಸಿದ್ಧಳಾಗುತ್ತಿದ್ದಳು, ಎರಡನೆಯದು. ಅವಳಿಗೂ ಕೇಳಿಸುತ್ತಿತ್ತು.

"ಎಷ್ಟು ಚೆನ್ನಾಗಿ ಪಾಠ ಮಾಡ್ತಾರೆ ನೋಡಿ ನಿಮ್ಮ ಯಜಮಾನ್ರು," ಎಂದೆ.

"ಹೂಂ, ಮೂರು ವರ್ಷದಿಂದ ಸಿಕ್ಕಿದವರಿಗೆಲ್ಲ ಮಾಡ್ತಿದಾರೆ," ಎಂದಳು ನಗುತ್ತಾ. ಚಪ್ಪಲಿ ಬಿಟ್ಟು ಹಾಸಿಗೆ ಹತ್ತಿದಳು. ಗಂಡನ ಕುರ್ಚಿಯ ಮೇಲಿದ್ದ ತನ್ನ ಬ್ಯಾಗನ್ನು ತೆಗೆದು ನನ್ನ ಕೈಗೆ ಕೊಟ್ಟಳು. "ಇವರನ್ನ ಕರೀರಿ ಸಿಸ್ಟರ್. ಆದ್ರೆ ಈ ಬ್ಯಾಗ್ ನೀವೇ ಹಿಡ್ಕೊಂಡಿರಿ, ಇವರ ಕೈಗೆ ಸಿಗೋದು ಬೇಡ. ನನ್ನ ಪಾಸ್‌ಪೋರ್ಟ್ ಇದೆ ಅದರಲ್ಲಿ."